ಕಡಲಿನ ನುಡಿಯೂ ಬಾನುಲಿಯ ಗದ್ದಲವೂ

ಕುಂದಾಪುರದಿಂದ ಉತ್ತರಾಭಿಮುಖವಾಗಿ ಹೆದ್ದಾರಿಯಲ್ಲಿ ಹೋಗುವವರಿಗೆ, ಕೊಲ್ಲೂರಿನ ದಾರಿ ಕವಲೊಡೆಯುವ ಹೆಮ್ಮಾಡಿಯ ಪರಿಚಯವನ್ನು ಮಾಡಿಕೊಡಬೇಕಾದ ಅಗತ್ಯವಿಲ್ಲ. ಮಕರ ಸಂಕ್ರಾಂತಿಯಲ್ಲಿ ಮಾರಣಕಟ್ಟೆಯ ದೇವರಿಗೆ ಸೇವಂತಿಗೆಯನ್ನು ಬೆಳೆದೊಪ್ಪಿಸುವ ಊರೆಂದು ಅದು ಸುತ್ತಣ ಸೀಮೆಯಲ್ಲೆಲ್ಲ ಪ್ರಸಿದ್ಧವಾಗಿದೆ. ಕಳೆದ ಸಂಕ್ರಾಂತಿಯ ಹಿಂದಿನ ದಿನ ನಾವು ಅಲ್ಲಿ ನಂಟರೊಬ್ಬರ ಮನೆಯಲ್ಲಿ ಇಳಿದುಕೊಂಡಿದ್ದೆವು. ರಾತ್ರಿ ಊಟವಾದ ಮೇಲೆ ಮನೆಯ ಯಜಮಾನರು ಚಾವಡಿಯಲ್ಲಿ ಕುಳಿತು ತಮ್ಮ ಹಳೆಯ ರೇಡಿಯೋವನ್ನು ಹಾಕಿದರು. ವಾರ್ತೆಗಿಂತ ಮೊದಲು ಕೇಳಿಸಿದ್ದು ಬಾಣಲೆಯಲ್ಲಿ ಎಣ್ಣೆ ಕುದಿಯುವಂತಹ ಚರಚರ ಶಬ್ದ. ನಾವು ಕಿವಿ ಮುಚ್ಚಿಕೊಂಡದ್ದನ್ನು ಕಂಡು ಅವರು, "ಹ್ವಾಯ್, ಇದ್ ಕಡ್ಲಿಂದ ಬಪ್ದ್ ಮಾರಾಯ್ರೆ! ಅಲೆ ಅಳೆಯುವ ಯಂತ್ರವನ್ನು ನೀರಿನಲ್ಲಿ ತೇಲಿಬಿಟ್ಟಿದ್ದಾರಂತೆ; ಅದರ ಕೂಗು" ಎಂದು ಸಮಾಧಾನ ಹೇಳಿದರು.

ಈ ಮಾತು ನಮ್ಮ ತಲೆಯಲ್ಲಿ ಉಳಿಯಿತು. ಕಡಲನ್ನು ಅಳೆಯುವ ಯಂತ್ರವು ಬಾನುಲಿಯನ್ನು ಕೆಡಿಸುವುದು ನಿಜವಾದರೆ ಅದು ಸರಕಾರದವರು ಗಮನಿಸಬೇಕಾದ ವಿಷಯ. ನಿಜವಲ್ಲವಾದರೆ, ಉಪಕಾರಿಯೊಬ್ಬನ ಮೇಲೆ ನಾವು ಅಪವಾದವನ್ನು ಹೊರಿಸಿದಂತಾಯಿತು. ಆದಕಾರಣ ಈ ವಿಷಯವನ್ನು ಕೊಂಚ ವಿಚಾರಿಸಿ ನೋಡಿ, ಕಂಡುದನ್ನು ವಾಚಕರ ಮುಂದಿಡುತ್ತಿದ್ದೇವೆ.

ಮೊದಲು ಆಪಾದಿತನ ಪರಿಚಯವಾಗಲಿ. ಬೋಯ್ ಎಂದು ಕರೆಯಲ್ಪಡುವ ಈ ಅಲೆಮಾಪಕವು ಒಂದು ಮೀಟರಿಗಿಂತ ಕಡಿಮೆ ವ್ಯಾಸದ, ಹಳದಿ ಬಣ್ಣದ ಲೋಹದ ತೇಲುಗೋಳ. ಕಡಲಿನ ತಳದಲ್ಲಿ ಇಳಿಸಿದ ಭಾರಕ್ಕೆ, ರಬ್ಬರಿನಂತೆ ಹಿಗ್ಗಿ ಕುಗ್ಗುವ ಹಗ್ಗದಿಂದ ಇದನ್ನು ಕಟ್ಟಿರುತ್ತಾರೆ. ಅಲೆಯೊಡನೆ ಏರುತ್ತಲೂ ಇಳಿಯುತ್ತಲೂ ಇರುವಾಗ ಒಳಗಿನ ಸೂಕ್ಷ್ಮ ಉಪಕರಣವು ಆ ಚಲನೆಯ ವೇಗದಲ್ಲಾಗುವ ಬದಲಾವಣೆಯನ್ನು ಗ್ರಹಿಸುತ್ತದೆ. ಅದರಿಂದ ಅಲೆಯ ಎತ್ತರ, ಅವಧಿ, ಬಂದ ದಿಕ್ಕು ಇವುಗಳನ್ನು ಲೆಕ್ಕಹಾಕಬಹುದು. ಹಾಲೆಂಡಿನಲ್ಲಿ ೧೯೬೧ರಲ್ಲಿ ಸ್ಥಾಪಿತವಾದ ಡೇಟಾವೆಲ್ ಎಂಬ ಸಂಸ್ಥೆಯ ಗೋಳಗಳೇ ಪ್ರಪಂಚದಲ್ಲೆಲ್ಲ ಹೆಚ್ಚಾಗಿ ಬಳಕೆಯಲ್ಲಿವೆ. ನಮ್ಮ ಕರಾವಳಿಯಲ್ಲಿ ಕಾರವಾರದ ಎದುರಿನ ಕಡಲಿನಲ್ಲಿ ಹೈದರಾಬಾದಿನ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರದವರು ಇಂತಹ ಗೋಳವನ್ನು ಇರಿಸಿ ಅಲೆಗಳ ವೃತ್ತಾಂತವನ್ನು ಪಡೆದಿದ್ದಾರೆ. ಹೊನ್ನಾವರದ ಎದುರಿನಲ್ಲಿಯೂ ಗೋವೆಯ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯವರು ಹೀಗೆಯೇ ಅಳತೆ ಮಾಡಿದ್ದುಂಟು.

ಗೋಳವು ತಾನು ಅಳೆದುದನ್ನು ದಡಕ್ಕೆ ತಿಳಿಸಬೇಕಷ್ಟೆ. ಅದಕ್ಕಾಗಿ ಅದರ ನೆತ್ತಿಯಲ್ಲಿ ಚಾವಟಿಯಂತಹ ಒಂದು ಕಡ್ಡಿ ನಿಂತಿದೆ. ಅದೇ ಅದರ ನಾಲಗೆ. ೩೦ ಮೆಗಾಹರ್ಟ್ಸಿನ ಆಚೀಚಿನ ಕಂಪನಾಂಕದಲ್ಲಿ ಅದು ಎಡೆಬಿಡದೆ ಮಾತನಾಡುತ್ತಿರುತ್ತದೆ. ಅದರ ಶಕ್ತಿಯಾದರೋ ಕೈದೀಪದ ಒಂದು ಬಲ್ಬಿಗೆ ಬೇಕಾಗುವುದಕ್ಕಿಂತಲೂ ಕಡಿಮೆ. ಉಪ್ಪುನೀರಿನ ಮೇಲೆ ರೇಡಿಯೋ ಅಲೆಗಳು ಸಲೀಸಾಗಿ ಸಾಗುವುದರಿಂದ ಇಷ್ಟು ಅಲ್ಪ ಶಕ್ತಿಯಿಂದಲೇ, ಅನುಕೂಲವಾದ ಸ್ಥಿತಿಯಲ್ಲಿ, ೫೦ ಕಿಲೋಮೀಟರುಗಳವರೆಗೆ ಅದರ ದನಿ ಮುಟ್ಟುತ್ತದೆ. ಈಚಿನ ಗೋಳಗಳಲ್ಲಿ ಉಪಗ್ರಹದ ಮೂಲಕವಾಗಲಿ ಮೊಬೈಲ್ ಜಾಲದ ಮೂಲಕವಾಗಲಿ ಸುದ್ದಿ ಕಳಿಸುವ ಏರ್ಪಾಡೂ ಉಂಟು.

ಈಗ ಅಪವಾದವನ್ನು ಒರೆಗೆ ಹಚ್ಚೋಣ. ಹೆಮ್ಮಾಡಿಯಿಂದ ಹೊನ್ನಾವರಕ್ಕೆ ನೇರ ಗೆರೆ ಎಳೆದರೆ ಸುಮಾರು ೭೦ ಕಿಲೋಮೀಟರು. ಕಾರವಾರಕ್ಕೆ ೧೩೦ಕ್ಕೂ ಮೇಲೆ. ಐವತ್ತು ಕಿಲೋಮೀಟರಿನಲ್ಲಿ ಕ್ಷೀಣವಾಗುವ ದನಿಯು ಅಷ್ಟು ದೂರ ಬಂದು ಮನೆಯ ಚಾವಡಿಯಲ್ಲಿ ಎಣ್ಣೆ ಕುದಿಸುವುದು ಅಸಂಭವ. ಇದಕ್ಕಿಂತ ಬಲವಾದ ಕಾರಣ ಇನ್ನೊಂದಿದೆ. ಮಧ್ಯಮತರಂಗದ ಬಾನುಲಿ ೫೩೧ ಕಿಲೋಹರ್ಟ್ಸಿನಿಂದ ೧೬೦೨ರವರೆಗಿನ ಮೆಟ್ಟಿಲುಗಳಲ್ಲಿ ನಡೆಯುತ್ತದೆ. ಮಂಗಳೂರು ಆಕಾಶವಾಣಿ ೧೯೭೬ರಲ್ಲಿ ಆರಂಭವಾದುದೂ, ಬ್ರಹ್ಮಾವರದ ಪ್ರೇಷಕದಿಂದ ಅದು ನಮ್ಮ ಸೀಮೆಯ ಮನೆಮನೆಯನ್ನು ಮುಟ್ಟಿದುದೂ ಇದೇ ಮಧ್ಯಮತರಂಗದಲ್ಲಿ. ಗೋಳದ ಸ್ಥಾನವಾದರೋ ಈ ಮೆಟ್ಟಿಲುಗಳ ತುತ್ತತುದಿಗಿಂತಲೂ ಸುಮಾರು ಇಪ್ಪತ್ತು ಮಡಿ ಮೇಲಿನದು. ಯಾವುದೇ ಪ್ರೇಷಕದಲ್ಲಿ ದೋಷವಿದ್ದರೆ ಅದರ ಕಂಪನಾಂಕದ ಎರಡು ಮಡಿ, ಮೂರು ಮಡಿಗಳಲ್ಲಿ ಪ್ರತಿಧ್ವನಿ ಹುಟ್ಟುತ್ತದೆಂಬುದು ತಂತ್ರಜ್ಞರ ಅನುಭವ. ಆದರೆ ಆ ಪ್ರತಿಧ್ವನಿ ಹೊಗೆಯಂತೆ ಮೇಲಕ್ಕೇ ಏರತಕ್ಕದ್ದು, ಕೆಳಕ್ಕೆ ಇಳಿಯತಕ್ಕದ್ದಲ್ಲ. ಮಾಳಿಗೆಯಲ್ಲಿರುವವನ ಹೊಗೆ ನೆಲಮನೆಯವನ ಕಣ್ಣನ್ನು ಉರಿಸಲಾರದು.

ಹಾಗಾದರೆ ಕಡಲಿನಿಂದ ಬಾನುಲಿಗೆ ಉಪದ್ರವವೇ ಇಲ್ಲವೆಂದು ಹೇಳಬಹುದೆ? ಹಾಗೆ ಹೇಳಿದರೆ ವಕಾಲತ್ತಾದೀತೇ ಹೊರತು ವಿಚಾರಣೆಯಾಗದು. ಉಪದ್ರವ ಉಂಟು, ಆದರೆ ಮಾಡುವವರು ಬೇರೆ. ದೂರದ ಕಡಲುಗಳಲ್ಲಿ ಮೈಲುಗಟ್ಟಲೆ ಬಲೆಯನ್ನೂ ಗಾಳದ ಹಗ್ಗವನ್ನೂ ಬಿಡುವ ದೊಡ್ಡ ಹಡಗುಗಳು, ಮತ್ತೆ ಅದನ್ನು ಹುಡುಕಿಕೊಳ್ಳುವುದಕ್ಕಾಗಿ ರೇಡಿಯೋ ಬೆಂಡುಗಳನ್ನು ಕಟ್ಟುತ್ತವೆ. ಇವುಗಳಲ್ಲಿ ಹಲವು ೧೬೦೦ ಕಿಲೋಹರ್ಟ್ಸಿನ ಮೇಲಣ ಪಟ್ಟಿಯಲ್ಲಿ, ಮೋರ್ಸ್ ಲಿಪಿಯ ಒಂದೆರಡು ಅಕ್ಷರಗಳನ್ನೂ ಬಳಿಕ ಒಂದು ದೀರ್ಘ ಸ್ವರವನ್ನೂ ಕೂಗಿ ಸುಮ್ಮನಾಗುತ್ತವೆ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಕೂಗುತ್ತವೆ. ಈ ಪಟ್ಟಿಯ ಅಲೆಗಳು ರಾತ್ರಿಯಲ್ಲಿ ಮೇಲಣ ವಾಯುಮಂಡಲದಿಂದ ಪ್ರತಿಫಲಿಸಿ ನೂರಾರು ಮೈಲು ಹಾರುತ್ತವೆ. ಹವ್ಯಾಸಿ ರೇಡಿಯೋ ಮಹಾಶಯರಿಗೆ ಮೀಸಲಾದ ಪಟ್ಟಿಯೂ ಇಲ್ಲಿಯೇ ಇರುವುದರಿಂದ, ಅವರಿಂದ ಈ ಬೆಂಡುಗಳ ಮೇಲೆ ಅನೇಕ ದೇಶಗಳಲ್ಲಿ ದೂರುಗಳು ಬಂದಿವೆ.

ಎರಡನೆಯದು ಸೂರ್ಯನ ಮಹಿಮೆ. ಸುಮಾರು ಹನ್ನೊಂದು ವರ್ಷಕ್ಕೊಮ್ಮೆ ಸೂರ್ಯನ ಚಟುವಟಿಕೆ ಪರಾಕಾಷ್ಠೆಗೆ ಏರುತ್ತದೆ; ೨೦೨೪ರಲ್ಲಿ ಅಂತಹ ಉತ್ಕರ್ಷಕಾಲ ಬಂದಿತೆಂದು ವಿಜ್ಞಾನಿಗಳು ಸಾರಿದರು. ಆಗ ೨೭, ೨೮ ಮೆಗಾಹರ್ಟ್ಸಿನ ಅಲ್ಪ ಶಕ್ತಿಯ ದನಿಗಳು ಸಹ ಖಂಡಾಂತರಕ್ಕೆ ಹಾರಬಲ್ಲವು. ಹ್ರಸ್ವತರಂಗದ ಆ ಮೂಲೆಯಲ್ಲಿ ಕಿವಿಗೊಟ್ಟು ಕುಳಿತವರಿಗೆ ಎಲ್ಲಿಯದೋ ಒಂದು ತೇಲುಗೋಳದ ಗುಂಯ್‌ಕಾರ ಕೇಳಿಸಿದರೆ ಅದು ಆಶ್ಚರ್ಯವಲ್ಲ. ಆದರೆ ಹಾಗೆ ಕೇಳುವವರು ಸಾವಿರಕ್ಕೊಬ್ಬರು. ವಾರ್ತೆ ಕೇಳುವ ಸಾಮಾನ್ಯರಿಗೆ ಅದರ ಬಾಧೆಯಿಲ್ಲ.

ಮೂರನೆಯದು ಹೆಚ್ಚು ಗಂಭೀರವಾದುದು. ಹಡಗುಗಳು ಒಂದನ್ನೊಂದು ಗುರುತಿಸಿ ಡಿಕ್ಕಿಯನ್ನು ತಪ್ಪಿಸಿಕೊಳ್ಳುವುದಕ್ಕಾಗಿ ತಮ್ಮ ಹೆಸರು, ಸ್ಥಾನ, ಗತಿ ಇವುಗಳನ್ನು ತಾವಾಗಿಯೇ ಸಾರಿಕೊಳ್ಳುವ ಏರ್ಪಾಡೊಂದಿದೆ. ಅದಕ್ಕೆ ೧೬೧.೯೭೫ ಮತ್ತು ೧೬೨.೦೨೫ ಮೆಗಾಹರ್ಟ್ಸ್ ಎಂಬ ಎರಡು ಹಾದಿಗಳು ಜಗತ್ತಿಗೆಲ್ಲ ಮೀಸಲು. ಅಗ್ಗದ ಬಲೆಗುರುತುಗಳನ್ನು ತಯಾರಿಸುವವರು ಈ ಹಾದಿಗಳಿಗೇ ನುಗ್ಗಿದುದರಿಂದ, ಹಡಗಿನ ನಾವಿಕನ ಪರದೆಯ ಮೇಲೆ ಬಲೆಯ ಬೆಂಡೂ ಒಂದು ಹಡಗಿನಂತೆ ಮೂಡತೊಡಗಿತು. ಇದಕ್ಕೆ ಪರಿಹಾರವಾಗಿ ೨೦೧೯ರಲ್ಲಿ ಈಜಿಪ್ಟಿನಲ್ಲಿ ಸೇರಿದ ವಿಶ್ವ ರೇಡಿಯೋ ಸಮ್ಮೇಳನವು ಇಂತಹ ಗುರುತುಗಳಿಗೆ ೧೬೦.೯ ಮೆಗಾಹರ್ಟ್ಸಿನ ಪ್ರತ್ಯೇಕ ಹಾದಿಯನ್ನು ಗೊತ್ತುಮಾಡಿತು. ವಾಟಿನ ಹತ್ತನೆಯ ಒಂದಂಶವನ್ನು ಮೀರಕೂಡದೆಂಬ ಮಿತಿಯನ್ನೂ ಹಾಕಿತು. ಬೆಂಡು ಮಾತನಾಡಬಾರದೆಂದು ಅದು ಹೇಳಲಿಲ್ಲ. ತನ್ನ ಜಾಗದಲ್ಲಿ ಕುಳಿತು ಮೆಲ್ಲಗೆ ಮಾತನಾಡಲಿ ಎಂದಿತು. ನ್ಯಾಯವೆಂದರೆ ಇದೇ.

ಇಷ್ಟೆಲ್ಲವನ್ನೂ ತಿಳಿದ ಮೇಲೂ ಹೆಮ್ಮಾಡಿಯ ಚಾವಡಿಯ ಗದ್ದಲಕ್ಕೆ ಕಾರಣ ಸಿಕ್ಕಲಿಲ್ಲವಷ್ಟೆ. ಮಾರನೆಯ ರಾತ್ರಿ ನಾವು ಒಂದು ಪರೀಕ್ಷೆ ಮಾಡಿದೆವು. ರೇಡಿಯೋವಿಗೆ ಬ್ಯಾಟರಿ ಹಾಕಿ, ಯಜಮಾನರ ಅನುಮತಿಯಿಂದ ಮನೆಯ ವಿದ್ಯುತ್ತಿನ ಮುಖ್ಯ ಗುಂಡಿಯನ್ನೇ ಆರಿಸಿದೆವು. ಎಣ್ಣೆ ಕುದಿಯುವುದು ಥಟ್ಟನೆ ನಿಂತು, ವಾರ್ತೆ ಓದುವವರ ಕಂಠ ಕತ್ತಲೆಯಲ್ಲಿ ಗಂಟೆ ಬಾರಿಸಿದಂತೆ ಕೇಳಿಸಿತು. ಬಳಿಕ ಗುಂಡಿಯನ್ನು ಹಾಕಿ, ದೀಪಗಳನ್ನು ಒಂದೊಂದಾಗಿ ಆರಿಸುತ್ತ ಬಂದೆವು. ರೇಡಿಯೋವಿನ ತಲೆಯ ಮೇಲೆಯೇ ತೂಗುತ್ತಿದ್ದ, ಹಿಂದಿನ ವರ್ಷ ಸಂತೆಯಲ್ಲಿ ಅಗ್ಗಕ್ಕೆ ಕೊಂಡಿದ್ದ ಎಲ್‌ಇಡಿ ಬಲ್ಬನ್ನು ಆರಿಸಿದ ಕೂಡಲೇ ಗದ್ದಲ ಅಡಗಿತು. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದ ಗಾದೆ ನಮಗೆ ನೆನಪಾಯಿತು. ಯಜಮಾನರು ಬಹಳ ಹೊತ್ತು ಮಾತನಾಡಲಿಲ್ಲ, ಬಳಿಕ ನಕ್ಕುಬಿಟ್ಟರು.

ಕಾರಣವೂ ಸರಳ. ಇಂತಹ ಬಲ್ಬಿನ ಬುಡದೊಳಗೆ ವಿದ್ಯುತ್ತನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಹಚ್ಚಿ ಆರಿಸುವ ಒಂದು ಪುಟ್ಟ ಏರ್ಪಾಡಿದೆ. ಅದರ ಗದ್ದಲವನ್ನು ಹೊರಗೆ ಬಿಡದಂತೆ ತಡೆಯುವ ಬಿಡಿಭಾಗಗಳನ್ನು ಒಳ್ಳೆಯ ತಯಾರಕನು ಸೇರಿಸುತ್ತಾನೆ, ಕಾಸುಳಿಸುವವನು ಬಿಟ್ಟುಬಿಡುತ್ತಾನೆ. ಇಲ್ಲಿ ಹೊಗೆ ಹುಟ್ಟುವುದು ನೆಲಮನೆಯಲ್ಲಿ. ಮಡಿಮಡಿಯಾಗಿ ಏರಿ ಅದು ಮಧ್ಯಮತರಂಗವನ್ನೆಲ್ಲ ತುಂಬುತ್ತದೆ. ಮೊಬೈಲಿನ ಚಾರ್ಜರು, ಇನ್ವರ್ಟರು ಇವುಗಳ ಕಥೆಯೂ ಹೀಗೆಯೇ. ಕಡಲಿನಿಂದ ನಿಜವಾಗಿ ಬರುವ ಉಪದ್ರವ ಒಂದಿದೆ, ಅದು ಉಪ್ಪಿನದು. ಪಡುಗಾಳಿ ಹೊತ್ತು ತರುವ ಉಪ್ಪು ವಿದ್ಯುತ್ ಕಂಬಗಳ ಪಿಂಗಾಣಿಯ ಮೇಲೆ ಕುಳಿತು, ಇಬ್ಬನಿಯಿಂದ ತೇವವಾದಾಗ ಸಣ್ಣ ಕಿಡಿಗಳು ಹಾರುತ್ತವೆ; ಅವು ಬಾನುಲಿಯಲ್ಲಿ ಪಟಪಟನೆ ಕೇಳಿಸುತ್ತವೆ. ಒಳ್ಳೆಯ ಮಳೆಯೊಂದು ಪಿಂಗಾಣಿಯನ್ನು ತೊಳೆದರೆ ಅದೂ ಶಾಂತವಾಗುತ್ತದೆ.

ಗದ್ದಲ ಎಲ್ಲಿಂದ ಬರುತ್ತದೆಂಬುದನ್ನು ವಾಚಕರು ತಾವೇ ಪತ್ತೆಹಚ್ಚಬಹುದು. ಮಧ್ಯಮತರಂಗದ ಸಣ್ಣ ರೇಡಿಯೋಗಳಲ್ಲಿ ತಂತಿ ಸುತ್ತಿದ ಒಂದು ಕಪ್ಪು ಕಡ್ಡಿ ಅಡ್ಡಲಾಗಿ ಮಲಗಿರುತ್ತದೆ. ಆ ಕಡ್ಡಿಯ ತುದಿ ಶಬ್ದ ಹುಟ್ಟುವ ಸ್ಥಳಕ್ಕೆ ಎದುರಾದಾಗ ಶಬ್ದ ಅತಿ ಕ್ಷೀಣವಾಗುತ್ತದೆ. ಬ್ಯಾಟರಿಯ ರೇಡಿಯೋವನ್ನು ಕೈಯಲ್ಲಿ ಹಿಡಿದು ನಿಧಾನವಾಗಿ ತಿರುಗಿಸಿ, ಶಬ್ದ ಕುಗ್ಗಿದ ದಿಕ್ಕನ್ನು ಗುರುತಿಸಿ, ಬೇರೊಂದು ಸ್ಥಳದಲ್ಲಿ ನಿಂತು ಮತ್ತೊಮ್ಮೆ ಹಾಗೆಯೇ ಮಾಡಿದರೆ, ಎರಡು ಗೆರೆಗಳೂ ಕೂಡುವಲ್ಲಿ ಅಪರಾಧಿ ಇರುತ್ತಾನೆ. ಈ ಉಪಾಯ ಸಾಮಾನ್ಯದ್ದಲ್ಲ. ಅಮೇರಿಕೆಯ ಬೆಲ್ ಪ್ರಯೋಗಶಾಲೆಯ ಕಾರ್ಲ್ ಜಾನ್ಸ್ಕಿ ಎಂಬ ತರುಣ ಎಂಜಿನಿಯರರು, ಸಾಗರದಾಚೆಯ ಟೆಲಿಫೋನಿಗೆ ತೊಡಕಾಗುವ ಸದ್ದಿನ ಮೂಲವನ್ನು ಹುಡುಕಲೆಂದು, ಮೋಟಾರು ಗಾಡಿಯ ಚಕ್ರಗಳ ಮೇಲೆ ತಿರುಗುವ ದೊಡ್ಡ ಗ್ರಾಹಕವೊಂದನ್ನು ಕಟ್ಟಿದರು. ಗುಡುಗುಸಿಡಿಲುಗಳ ಸದ್ದನ್ನು ಬೇರ್ಪಡಿಸಿದ ಮೇಲೂ ಉಳಿದ ಒಂದು ಮೆಲುಸದ್ದು ಆಕಾಶಗಂಗೆಯಿಂದ ಬರುತ್ತಿದೆಯೆಂದು ೧೯೩೩ರಲ್ಲಿ ಅವರು ಪ್ರಕಟಿಸಿದರು. ಗದ್ದಲದ ಬೆನ್ನು ಹತ್ತಿದ ಒಬ್ಬನಿಂದ ಖಗೋಳಶಾಸ್ತ್ರದ ಹೊಸದೊಂದು ಶಾಖೆಯೇ ಹುಟ್ಟಿತು. ಯಾರ ಮೇಲೋ ದೂರು ಹೊರಿಸಿ ಸುಮ್ಮನೆ ಕುಳಿತಿದ್ದರೆ ಅದು ಹುಟ್ಟುತ್ತಿರಲಿಲ್ಲ.

ಆಪಾದಿತನಾದ ತೇಲುಗೋಳವೇ ವಾಸ್ತವವಾಗಿ ಪೀಡಿತನೆಂಬುದನ್ನೂ ಇಲ್ಲಿ ಹೇಳಬೇಕು. ಅದರ ದನಿ ಅತಿ ಕ್ಷೀಣ. ದಡದ ಗ್ರಾಹಕದ ಸುತ್ತ ಗದ್ದಲ ಹೆಚ್ಚಿದಷ್ಟೂ ಅದರ ಮಾತು ಮುರಿದುಹೋಗುತ್ತದೆ. ಇನ್ನೊಂದು ಕಡೆಯಿಂದ, ದೋಣಿಗಳನ್ನು ಅದಕ್ಕೆ ಕಟ್ಟುವುದರಿಂದಲೂ, ಬಲೆ ಸಿಕ್ಕಿಕೊಳ್ಳುವುದರಿಂದಲೂ, ಬಿಡಿಭಾಗಗಳನ್ನು ಕಳಚಿಕೊಳ್ಳುವುದರಿಂದಲೂ ನಮ್ಮ ದೇಶದ ಕಡಲುಗಳಲ್ಲಿ ಇಂತಹ ಮಾಪಕಗಳು ಪದೇ ಪದೇ ಮೂಕವಾಗಿವೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದೆಂದರೆ ಇದೇ.

ಅದು ಮೂಕವಾದರೆ ನಷ್ಟವಾರಿಗೆ? ಹೆಮ್ಮಾಡಿಯಿಂದ ಕೆಲವೇ ಮೈಲು ದೂರದಲ್ಲಿ ಗಂಗೊಳ್ಳಿಯ ಬಂದರು ಇದೆ. ಪಂಚಗಂಗಾವಳಿಯ ಹೊಳೆಗಳು ಕೂಡಿ ಕಡಲನ್ನು ಸೇರುವ ಅಲ್ಲಿಯ ಅಳಿವೆಯನ್ನು ದಾಟಿಯೇ ದೋಣಿಗಳು ಹೊರಬೀಳಬೇಕು. ಜೂನ್ ೧ರಿಂದ ಜುಲೈ ೩೧ರವರೆಗೆ ೬೧ ದಿನ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವಾಗಲೂ ನಾಡದೋಣಿಗಳ ಬಡಜನರು, ಮಳೆಗಾಲದ ಕಡಲು ಕೊಂಚ ಇಳಿದಂತೆ ಕಂಡಾಗ, ಹೊಟ್ಟೆಪಾಡಿಗಾಗಿ ಹೊರಡುತ್ತಾರೆ. ಇಳಿದಂತೆ ಕಾಣುವುದು ಬೇರೆ, ಇಳಿಯುವುದು ಬೇರೆ. ದಕ್ಷಿಣ ಮಹಾಸಾಗರದ ಬಿರುಗಾಳಿಯೊಂದು ಎಬ್ಬಿಸಿದ ಉದ್ದನೆಯ ಅಲೆಗಳು ದಿನಗಟ್ಟಲೆ ಪ್ರಯಾಣ ಮಾಡಿ, ಇಲ್ಲಿ ಗಾಳಿಯೇ ಇಲ್ಲದ ದಿನ ದಡಕ್ಕೆ ಅಪ್ಪಳಿಸುವುದುಂಟು. ಮಲೆಯಾಳದವರು ಇದನ್ನು ಕಳ್ಳಕಡಲೆನ್ನುತ್ತಾರೆ. ಕಣ್ಣಿಗೆ ಕಾಣದ ಈ ಕಳ್ಳನನ್ನು ಮುಂಚಿತವಾಗಿ ಲೆಕ್ಕದಿಂದ ಹಿಡಿಯಬೇಕು. ಲೆಕ್ಕ ಸರಿಯೇ ತಪ್ಪೇ ಎಂದು ಪರೀಕ್ಷಿಸುವುದಕ್ಕೆ ಕಡಲಿನಲ್ಲೇ ನಿಂತು ಅಳೆಯುವ ಗೋಳ ಬೇಕು. ಅಲೆಗಳಲ್ಲಿ ಅತಿ ಎತ್ತರವಾದ ಮೂರನೆಯ ಒಂದಂಶದ ಸರಾಸರಿಯನ್ನು ತೆಗೆದು, ಇಂದು ಕಡಲು ಇಷ್ಟು ಮೀಟರು ಎಂದು ಹೇಳುವ ಆ ಒಂದು ಅಂಕೆಯ ಹಿಂದೆ, ದೋಣಿ ನೂಕಲೋ ಬೇಡವೋ ಎಂಬ ತಾಂಡೇಲನ ನಿರ್ಣಯವಿದೆ. ದಡದಲ್ಲಿ ಕಾಯುವವರ ಉಸಿರಿದೆ.

ಕಡಲಿನಲ್ಲಿ ದನಿ ನಿಂತುಹೋಗುವುದೆಂದರೇನೆಂದು ನಮ್ಮ ಜಿಲ್ಲೆಯವರಿಗೆ ವಿವರಿಸಬೇಕಾಗಿಲ್ಲ. ೨೦೧೮ರ ಡಿಸೆಂಬರ್ ೧೩ರಂದು ಮಲ್ಪೆಯಿಂದ ಏಳು ಮಂದಿಯೊಡನೆ ಹೊರಟ ಸುವರ್ಣ ತ್ರಿಭುಜ ಎಂಬ ದೋಣಿಯಿಂದ ಎರಡು ದಿನಗಳ ಬಳಿಕ ಸುದ್ದಿ ನಿಂತಿತು. ಅದರ ಅವಶೇಷ ನೌಕಾಪಡೆಯವರಿಗೆ ಮಾಲ್ವಣದ ಎದುರಿನ ಕಡಲತಳದಲ್ಲಿ ಸಿಕ್ಕಿದ್ದು ೨೦೧೯ರ ಮೇ ತಿಂಗಳಲ್ಲಿ. ಆ ದುರಂತಕ್ಕೂ ರೇಡಿಯೋ ಗದ್ದಲಕ್ಕೂ ಸಂಬಂಧ ಕಲ್ಪಿಸುವುದು ನಮ್ಮ ಉದ್ದೇಶವಲ್ಲ. ಕಡಲಿನಿಂದ ಬರುವ ಒಂದೊಂದು ದನಿಯ ಬೆಲೆಯೆಷ್ಟೆಂಬುದನ್ನು, ನಾಲ್ಕಾರು ತಿಂಗಳು ಮೌನವನ್ನೇ ಕೇಳುತ್ತ ಕುಳಿತ ಆ ಕುಟುಂಬಗಳು ಬಲ್ಲವು ಎಂದಷ್ಟೇ ಹೇಳುತ್ತೇವೆ.

ಗದ್ದಲದಿಂದ ಪ್ರಾಣಹಾನಿಯಾದ ಪ್ರಸಿದ್ಧ ಉದಾಹರಣೆ ೧೯೧೨ರ ಏಪ್ರಿಲಿನದು. ಟೈಟಾನಿಕ್ ಹಡಗಿನ ನಿಸ್ತಂತು ನೌಕರನು ದೂರದ ಕೇಪ್ ರೇಸ್ ಕೇಂದ್ರಕ್ಕೆ ಪ್ರಯಾಣಿಕರ ತಂತಿಗಳನ್ನು ಕಳಿಸುತ್ತಿದ್ದಾಗ, ಸಮೀಪದಲ್ಲಿದ್ದ ಕ್ಯಾಲಿಫೋರ್ನಿಯನ್ ಹಡಗಿನವನು ಮಂಜುಗಡ್ಡೆಯಿದೆಯೆಂದು ಎಚ್ಚರಿಕೆ ಕಳಿಸಿದನು. ಹತ್ತಿರದ ಆ ದನಿ ಕಿವಿಗೆ ಅಪ್ಪಳಿಸಿದುದರಿಂದ ಸಿಡಿಮಿಡಿಗೊಂಡ ಟೈಟಾನಿಕ್ಕಿನವನು ಸುಮ್ಮನಿರೆಂದು ಗದರಿಸಿದನು. ಅವನು ಸುಮ್ಮನಾಗಿ, ಸ್ವಲ್ಪ ಹೊತ್ತಿನಲ್ಲಿ ಯಂತ್ರವನ್ನು ಆರಿಸಿ ಮಲಗಿದನು. ಆ ಬಳಿಕ ಟೈಟಾನಿಕ್ ಕೂಗಿಕೊಂಡುದನ್ನು ಅತಿ ಸಮೀಪದ ಆ ಹಡಗು ಕೇಳಲಿಲ್ಲ. ಉಪದ್ರವವೆಂದು ಬಾಯಿ ಮುಚ್ಚಿಸಿದ ದನಿಯೇ ಉದ್ಧಾರದ ದನಿಯಾಗಿತ್ತು. ಹಡಗುಗಳಲ್ಲಿ ಹಗಲಿರುಳು ಕಿವಿಗೊಟ್ಟಿರಬೇಕೆಂಬ ನಿಯಮವನ್ನು ರಾಷ್ಟ್ರಗಳು ಕೂಡಿ ಮಾಡಿದ್ದು ಈ ಪಾಠವನ್ನು ಕಲಿತ ಮೇಲೆಯೇ.

ಕರೆಯ ನೀರು ಊರಿಗೆಲ್ಲ ಹೇಗೋ, ಆಕಾಶವೂ ನಾಡಿಗೆಲ್ಲ ಹಾಗೆಯೇ. ಒಬ್ಬನು ಕೊಳೆಯನ್ನು ತೊಳೆದರೆ ಎಲ್ಲರೂ ಕುಡಿಯುವ ನೀರು ಕೆಡುತ್ತದೆ. ೧೯೩೩ರಲ್ಲಿ ಪರಕೀಯ ಸರಕಾರವು ನಿಸ್ತಂತು ಕಾಯಿದೆಯನ್ನು ಮಾಡಿದಾಗ, ಒಂದು ರೇಡಿಯೋ ಇಟ್ಟುಕೊಳ್ಳುವುದಕ್ಕೂ ಅಪ್ಪಣೆ ಬೇಕಾಗಿತ್ತು. ಅದಾದ ಎರಡೇ ವರ್ಷಗಳಲ್ಲಿ, ೧೯೩೫ರಲ್ಲಿ, ಮೈಸೂರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಪ್ರಸಾರಕೇಂದ್ರವನ್ನು ಆರಂಭಿಸಿದರು. ಆಕಾಶವಾಣಿಯೆಂಬ ಹೆಸರು ಹುಟ್ಟಿದ್ದು ಕನ್ನಡನಾಡಿನ ಆ ಕೇಂದ್ರದಲ್ಲಿ. ಮುಂದೆ ಅದು ಭಾರತಕ್ಕೆಲ್ಲ ಹೆಸರಾಯಿತು. ಈಗ ಕಾಯಿದೆ ನಮ್ಮದು. ಹಳೆಯ ಕಾಯಿದೆಗಳ ಸ್ಥಾನಕ್ಕೆ ೨೦೨೩ರಲ್ಲಿ ನಮ್ಮ ಸಂಸತ್ತೇ ಹೊಸ ದೂರಸಂಪರ್ಕ ಕಾಯಿದೆಯನ್ನು ಅಂಗೀಕರಿಸಿದೆ. ಅಪ್ಪಣೆ ಕೊಡುವ ಅಧಿಕಾರ ಪರರ ಕೈಯಿಂದ ನಮ್ಮ ಕೈಗೆ ಬಂದ ಮೇಲೆ, ಆಕಾಶವನ್ನು ಶುಚಿಯಾಗಿಡುವ ಹೊಣೆಯೂ ನಮ್ಮದಾಯಿತು.

ಆದಕಾರಣ ನಮ್ಮ ಸೂಚನೆಗಳು ಇವು. ಕೇಂದ್ರದ ನಿಸ್ತಂತು ಮೇಲ್ವಿಚಾರಣೆಯ ಅಧಿಕಾರಿಗಳು ದೂರು ಬರಲೆಂದು ಕಾಯದೆ, ಬಂದರುಪೇಟೆಗಳಲ್ಲಿ ಮಾರಾಟವಾಗುವ ಬಲೆಗುರುತುಗಳು ತಮಗೆ ಗೊತ್ತುಮಾಡಿದ ಹಾದಿಯಲ್ಲಿವೆಯೇ ಎಂದು ಪರೀಕ್ಷಿಸಲಿ. ದಂಡಿಸುವುದಾದರೆ ತಿಳಿಯದೆ ಕೊಂಡ ಮೀನುಗಾರನನ್ನಲ್ಲ, ತಿಳಿದು ಮಾರಿದವನನ್ನು. ವಿದ್ಯುತ್ ಇಲಾಖೆಯವರು ಕರಾವಳಿಯ ಪಿಂಗಾಣಿಗಳನ್ನು ಮಳೆಯ ಕೃಪೆಗೆ ಬಿಡದೆ ತೊಳೆಸಲಿ. ಮೀನುಗಾರರ ಸಂಘಗಳು ತೇಲುಗೋಳಗಳಿಗೆ ದೋಣಿ ಕಟ್ಟಕೂಡದೆಂದು ತಮ್ಮಲ್ಲಿಯೇ ಕಟ್ಟುಪಾಡು ಮಾಡಿಕೊಳ್ಳಲಿ. ಸಾಗರಸಂಸ್ಥೆಯವರು ಅದಕ್ಕೆ ಪ್ರತಿಯಾಗಿ ಗೋಳದಿಂದ ತಿಳಿದ ಅಂಕೆಯನ್ನು ಕನ್ನಡದಲ್ಲಿ, ದಿನದಿನವೂ, ಬಂದರಿನ ಹಲಗೆಯ ಮೇಲೆ ಬರೆಯಿಸಲಿ. ತನಗೆ ಉಪಯೋಗವೆಂದು ಕಣ್ಣಾರೆ ಕಂಡುದನ್ನು ಯಾರೂ ಕೆಡಿಸಲಾರರು. ಇನ್ನು ಗೃಹಸ್ಥರು, ನಾಲ್ಕು ಕಾಸು ಹೆಚ್ಚಾದರೂ ಪ್ರಮಾಣಮುದ್ರೆಯುಳ್ಳ ಒಳ್ಳೆಯ ದೀಪವನ್ನೇ ಕೊಳ್ಳಲಿ.

ಹೆಮ್ಮಾಡಿಯಿಂದ ಹೊರಡುವಾಗ ಯಜಮಾನರು ಆ ಬಲ್ಬನ್ನು ಕಳಚಿ ಕೊಟ್ಟಿಗೆಗೆ ಹಾಕಿಸಿದ್ದರು. "ದನಗಳು ವಾರ್ತೆ ಕೇಳುವುದಿಲ್ಲವಷ್ಟೆ" ಎಂದರು. ಆ ರಾತ್ರಿ ಚಾವಡಿಯಲ್ಲಿ ದೀಪವಿಲ್ಲದೆ ರೇಡಿಯೋ ಸ್ಪಷ್ಟವಾಗಿ ಮಾತನಾಡುತ್ತಿದ್ದಾಗ, ಅದರ ಹಿಂದೆ, ಬಹು ದೂರದಲ್ಲಿ, ಪಡುವಣ ಕಡಲಿನ ಮೊರೆತ ಕೇಳಿಸುತ್ತಿತ್ತು. ಕೇಳತಕ್ಕ ಶಬ್ದ ಅದು. ಅದನ್ನು ಅಳೆದು ಹೇಳುವವನ ಮಾತಿಗೆ ನಾವು ಅಡ್ಡಬಾರದಿದ್ದರೆ ಸಾಕು.